ಮೂರು ಪೆಟ್ಟಿಗೆ ಗ್ರೇಪ್‌ಫ್ರೂಟ್

ನಮ್ಮೂರಿನ ಕರ್ಲಿಂಗ್ ಕ್ಲಬ್ಬಿನ ಅಡುಗೆಮನೆ ಮಹಡಿಯ ಮೇಲಿದೆ. ಹತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟಾಗಿನಿಂದ ನಾನು ಅಲ್ಲಿ ಸೂಪು ಕಾಯಿಸುತ್ತೇನೆ. ಹದಿನೇಳು ಮೆಟ್ಟಿಲು. ಯಾರು ಹತ್ತಿ ಬರುತ್ತಿದ್ದಾರೆಂದು ಸದ್ದಿನಲ್ಲೇ ತಿಳಿಯುತ್ತದೆ.

ಆರ್ಡಿಸ್ ಹಾಲ್ವರ್ಸನ್ ಅವರಿಗೆ ಅರವತ್ತೆಂಟು. ಐಸಿನ ಮೇಲೆ ಜಾರಿಬರುವ ಕಲ್ಲಿನ ಮುಂದೆ ಬ್ರಶ್ಶಿನಿಂದ ಉಜ್ಜುತ್ತ ಓಡುವುದು ಕರ್ಲಿಂಗ್ ಆಟದಲ್ಲಿ ಅವರ ಪಾಲು. ಮೂವತ್ತು ವರ್ಷದಿಂದ ಅದೇ. ಈ ಜನವರಿಯಲ್ಲಿ ಅವರ ಹೆಜ್ಜೆ ಬದಲಾಯಿತು. ಎಂಟು ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದರು. ಆಮೇಲೆ ಕಂಬಿ ಹಿಡಿದು ಉಳಿದ ಒಂಬತ್ತು.

ಹೀಗೇಕೆ? ಸೂಪು ತಿರುವುವಾಗಲೂ ಅದೇ ತಲೆಯಲ್ಲಿ.

ಆಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸಿ ಒಂದೇ ಮೇಜಿಗೆ ಕೂರುವುದು ಇಲ್ಲಿನ ರೂಢಿ. ಆ ತಿಂಗಳ ಒಂದು ಭಾನುವಾರ ಗೆದ್ದದ್ದು ಔಷಧಿ ಅಂಗಡಿಯ ವರ್ಲಿನ್ ಅವರ ತಂಡ.

"ನಿಮ್ಮ ಬ್ರಶ್ ಇವತ್ತು ಐಸಿಗೆ ಜೋಗುಳ ಹಾಡ್ತಿತ್ತಲ್ಲ, ಆರ್ಡಿಸ್!" ಎಂದು ಅವರು ಮೇಜಿನಿಂದ ಕೂಗಿದರು.

"ನಗು, ನಗು. ನಿನಗೂ ವಯಸ್ಸಾಗುತ್ತೆ," ಎಂದು ಆರ್ಡಿಸ್ ನಾನು ಸೂಪು ಕೊಡುವ ಕಿಟಕಿಗೆ ಬಂದರು. ದನಿ ಇಳಿಸಿ, "ತೊಡೆ ಉರಿದುಹೋಗ್ತಿದೆ ಕಣೇ. ಎಲ್ಲಾ ಈ ಕೊಲೆಸ್ಟ್ರಾಲ್ ಮಾತ್ರೆಯ ಕಿತಾಪತಿ. ಕಸದ ಬುಟ್ಟಿಗೆ ಹಾಕು. ನಂಗೆ ಆಟ ಬೇಕು, ಇದು ಬೇಡ," ಎಂದು ಡಬ್ಬಿ ಕುಕ್ಕಿದರು. "ನಾನು ತಂದ ಹಣ್ಣು ಹೆಚ್ಚಿದ್ಯಾ?"

ಅವರ ಅಣ್ಣ ಅರವತ್ತಕ್ಕೇ ಎದೆ ಹಿಡಿದುಕೊಂಡು ಹೋದವರು. ಅದಕ್ಕೇ ಆ ಮಾತ್ರೆ. ಆದರೆ ಮೂರು ವರ್ಷದಿಂದ ನುಂಗುತ್ತಿದ್ದದ್ದು ಈಗೇಕೆ ಕೈಕೊಟ್ಟಿತು?

ಡಬ್ಬಿ ತಿರುಗಿಸಿದೆ. ಹಿಂಬದಿಯಲ್ಲಿ ಸಣ್ಣ ಹಳದಿ ಚೀಟಿ ಇತ್ತು. ಓದಿ ನನ್ನ ಎಡಗೈ ನೋಡಿಕೊಂಡೆ. ಅದರಲ್ಲಿ ಚಕ್ಕೋತದ ಜಾತಿಯ ಆ ಹುಳಿಹಣ್ಣು, ಅರ್ಧ ಹೆಚ್ಚಿದ್ದು. ಡಿಸೆಂಬರಿನಲ್ಲಿ ಶಾಲೆಯ ಬ್ಯಾಂಡಿನ ಮಕ್ಕಳು ಪ್ರವಾಸಕ್ಕೆಂದು ಮನೆಮನೆಗೂ ಮಾರುವ ಗ್ರೇಪ್‌ಫ್ರೂಟ್.

"ಯಾಕೆ ನಿಂತುಬಿಟ್ಟೆ?"

"ಇದನ್ನ... ಓದಿ."

"ಕನ್ನಡಕ ಇಲ್ಲ. ನೀನೇ ಓದು."

ಗಟ್ಟಿಯಾಗಿ ಓದೆಂದರೆ ಕ್ಲಾಸಿನಲ್ಲಿ ನನ್ನ ನಾಲಿಗೆ ಒಣಗುತ್ತಿತ್ತು. ಈಗಲೂ ಒಣಗಿತು. ಆದರೂ ಓದಿದೆ: "ಈ ಮಾತ್ರೆ ತೆಗೆದುಕೊಳ್ಳುವಾಗ ಗ್ರೇಪ್‌ಫ್ರೂಟ್ ಹೆಚ್ಚು ತಿನ್ನಬೇಡಿ."

ವರ್ಲಿನ್ ಲೋಟ ಕೆಳಗಿಟ್ಟು ಎದ್ದುಬಂದರು.

"ಆ ಚೀಟಿ ನಾನೇ ಅಂಟಿಸಿದ್ದು! ದಿನಕ್ಕೆ ಎಷ್ಟು ತಿಂತಿದ್ದೀರಿ?"

"ಮೂರು. ಬ್ಯಾಂಡಿನಲ್ಲಿ ಟ್ರಾಂಬೋನ್ ಊದೋ ಮೊಮ್ಮಗಳ ಮುಖ ನೋಡಿ ಮೂರು ಪೆಟ್ಟಿಗೆ ತಗೊಂಡೆ. ಕೊಳೆಸೋಕಾಗುತ್ತೇನಯ್ಯಾ?"

"ಅಯ್ಯೋ ಪುಣ್ಯಾತ್ಗಿತ್ತಿ! ಈ ಹಣ್ಣು ತಿಂದ್ರೆ ಮಾತ್ರೆಯ ಮದ್ದು ಬೇಗ ಹೊರಗೆ ಹೋಗಲ್ಲ, ಮೈಯಲ್ಲೇ ಕೂಡುತ್ತೆ. ಸ್ನಾಯು ನೋಯೋದು ಅದಕ್ಕೇ ಇರಬಹುದು. ಈಗ್ಲೇ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆ ಬಿಡಬೇಕೋ ಬೇಡವೋ ಅವರು ಹೇಳ್ಲಿ, ಈ ಹುಡುಗಿಯ ಕಸದ ಬುಟ್ಟಿ ಅಲ್ಲ."

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕೆಲವು ದಿನ ಮಾತ್ರೆ ತಡೆದು, ಮತ್ತೆ ಶುರುಮಾಡಿಸಿದರಂತೆ. ಹಣ್ಣು ಮಾತ್ರ ಬಂದ್. ಉಳಿದ ಒಂದು ಪೆಟ್ಟಿಗೆ ನನ್ನ ಪಾಲಿಗೆ ಬಂತು. "ಓದಿದವಳೇ ತಿನ್ನು" ಎಂದರು ಆರ್ಡಿಸ್.

ಮಾರ್ಚಿನ ಒಂದು ಭಾನುವಾರ ಮೆಟ್ಟಿಲಲ್ಲಿ ಅವರ ಹೆಜ್ಜೆಯ ಸದ್ದಾಯಿತು. ಸೌಟು ಹಿಡಿದು ಎಣಿಸಿದೆ. ಆರು, ಏಳು, ಎಂಟು.

ಒಂಬತ್ತು.