ಚಂದವ್ವನ ಮನೆಗೆ ಹೋದ ಫ್ಯಾನು

ಮನೆಗೆ ದೊಡ್ಡವರು ಬರುತ್ತಾರೆಂದರೆ ಯಾರಾದರೂ ಮನೆಯನ್ನು ಚೆಂದ ಮಾಡುತ್ತಾರೆ. ಮರೆಮ್ಮ ಆ ಭಾನುವಾರ ಬೆಳಿಗ್ಗೆ ಇದ್ದ ಚೆಂದವನ್ನೆಲ್ಲ ಹೊರಗೆ ಸಾಗಿಸುತ್ತಿದ್ದಳು. ಹೂವಿನ ಚಾದರ ತೆಗೆದು ಹರಕು ಕೌದಿ ಹಾಸಿದಳು. ಫಳಫಳ ಹೊಳೆಯುವ ಸ್ಟೀಲ್ ಡಬ್ಬಿಗಳು, ಮಿಕ್ಸರ್, ಮಗಳು ಸುವಾರ್ತಾಳ ಹೊಸ ಚಪ್ಪಲಿ, ಎಲ್ಲವೂ ಪಕ್ಕದ ಖೋಲಿಯ ಚಂದವ್ವನ ಮನೆ ಸೇರಿದವು. ಕಸ ಗುಡಿಸಲು ಕೈ ತುರಿಸುತ್ತಿತ್ತು. ಗುಡಿಸಲಿಲ್ಲ.

ಕೊನೆಗೆ ಉಳಿದದ್ದು ಟೇಬಲ್ ಫ್ಯಾನು. ಅದರ ಮುಂದೆ ಗಂಡ ದೇವಪುತ್ರ ಗೋಡೆಗೊರಗಿ ಕೂತಿದ್ದ. ಆಳದ ಬಾವಿಯಿಂದ ನೀರು ಸೇದುವವನಂತೆ ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದ.

"ಇದನ್ನೂ ಒಯ್ತೀಯೇನ?" ಎಂದ.

"ಅವರು ಬಂದು ಹೋಗೂತನಕ ಅಷ್ಟ. ಓಣಿ ದಾಟೂದ್ರಾಗ ತಂದು ಹಚ್ತೀನಿ."

"ನನ್ನೂ ಒಯ್ದು ಅಲ್ಲೇ ಇಡು. ನಾನೂ ನೋಡಾಕ ಭಾಳ ಗಟ್ಟಿ ಕಾಣ್ತೀನಿ," ಎಂದು ದೇವಪುತ್ರ ನಗಲು ಹೋಗಿ ಕೆಮ್ಮಿದ.

ರಾಯಚೂರಿನ ಕಡೆಯ ಮನುಷ್ಯ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಂಪನಿಯೊಂದರಲ್ಲಿ ಗುತ್ತಿಗೆಯ ಕೆಲಸ ಮಾಡಿ ಮಾಡಿ ಎದೆಯನ್ನು ಅಲ್ಲೇ ಕಳೆದುಕೊಂಡಿದ್ದ. ಆ ವರ್ಷ ಒಂದರ ಹಿಂದೊಂದು ಕಂಪನಿಗಳು ಬಾಗಿಲು ಹಾಕಿದವು, ಅವನದೂ ಹಾಕಿತು. ಮರೆಮ್ಮ ಪಾತ್ರೆ ತಿಕ್ಕುತ್ತಿದ್ದ ಮನೆಯವರೂ ಕೈ ಬಿಗಿ ಹಿಡಿದು, ನಮ್ಮ ಕೆಲಸ ನಾವೇ ಮಾಡಿಕೊಳ್ಳುತ್ತೇವೆ ಎಂದರು. ಆ ಫ್ಯಾನು ಒಳ್ಳೆಯ ದಿನಗಳದ್ದು. ದೀಪಾವಳಿ ಬೋನಸ್ಸಿನಲ್ಲಿ ಅವನೇ ಹೆಗಲ ಮೇಲೆ ಹೊತ್ತು ತಂದದ್ದು. ತಗಡಿನ ಮಾಡಿನ ಕೆಳಗೆ ಮೇ ತಿಂಗಳು ಕಳೆಯಲು ಅವನಿಗೆ ಎರಡು ಬೇಕಾಗಿದ್ದವು: ಎದೆಗೆ ಎಳೆದುಕೊಳ್ಳುವ ಔಷಧದ ಪಂಪು, ಮತ್ತು ಆ ಫ್ಯಾನು.

ಪಂಪು ಬರುತ್ತಿದ್ದದ್ದು ಸಭೆಯಿಂದ. ಕಲ್ಯಾಣದ ಕನ್ನಡ ಕ್ರೈಸ್ತ ಸಭೆಯವರು ಬಡವರ ನಿಧಿ ಅಂತ ಒಂದಿಟ್ಟಿದ್ದರು. ಅಕ್ಕಿ, ಬೇಳೆ, ಎಣ್ಣೆ, ಕಾಯಿಲೆಯವರಿಗೆ ಔಷಧ. ಒಳ್ಳೆಯ ಕೆಲಸವೇ. ಆದರೆ ಕೊಡುವ ಮೊದಲು ಸಭೆಯ ಹಿರಿಯರು ಮನೆಗೆ ಬಂದು, ಬಡತನ ನಿಜವೋ ಸುಳ್ಳೋ ಎಂದು ಕಣ್ಣಾರೆ ನೋಡಿ ಹೋಗುವುದು ಅಲ್ಲಿಯ ಪದ್ಧತಿ. ಮನೆಭೇಟಿ ಅಂತ ಅದಕ್ಕೆ ಚೆಂದದ ಹೆಸರು.

ಹಿರಿಯರಾದ ವಸಂತಕುಮಾರರು ಕೆಟ್ಟವರಲ್ಲ. ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಆ ವಯಸ್ಸಿನಲ್ಲೂ ದೂರದ ಕೋಪರಖೈರಣೆಯಿಂದ ಬಸ್ಸು, ರಿಕ್ಷಾ ಹಿಡಿದು ತಾವೇ ಅಕ್ಕಿ ಚೀಲ ಹೊತ್ತು ತರುವವರು. ಹಿಂದೊಮ್ಮೆ ಎರಡು ಫ್ಲ್ಯಾಟ್ ಇದ್ದವನೊಬ್ಬ ಅತ್ತು ಕರೆದು ಅಕ್ಕಿ ಒಯ್ದಿದ್ದನಂತೆ. ಅಂದಿನಿಂದ ಅವರು ಎಲ್ಲರ ಮನೆಯಲ್ಲೂ ಅವನನ್ನೇ ಹುಡುಕುತ್ತಿದ್ದರು.

ಹೋದ ತಿಂಗಳು ಬಂದಾಗ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿದರು. ಒಳಗೆ ಮೀನಿನ ಸಾರು. ದೇವಪುತ್ರ ಬಾಯಿಗೆ ಏನೂ ರುಚಿಸುವುದಿಲ್ಲ ಅಂದದ್ದಕ್ಕೆ ಚಂದವ್ವ ತನ್ನ ಮನೆಗೆ ತಂದಿದ್ದರಲ್ಲಿ ಎರಡು ತುಂಡು ಕೊಟ್ಟಿದ್ದಳು. ಮೀನಿಲ್ಲದಿದ್ದರೆ ತುತ್ತು ಗಂಟಲಲ್ಲಿ ಇಳಿಯದ ವಸಂತಕುಮಾರರು ಮುಚ್ಚಳ ಮುಚ್ಚಿ, ಫ್ಯಾನಿನ ಕಡೆ ನೋಡಿದರು.

"ಹೊಸತಾ ಇದು? ಮೀನೂ ಉಂಟು, ಫ್ಯಾನೂ ಉಂಟು. ಇದಕ್ಕಿಂತ ಕಷ್ಟದವರು ಇದ್ದಾರೆ ಮರೆಮ್ಮ. ಮುಂದಿನ ತಿಂಗಳು ನೋಡುವಾ."

ಹೊರಗೆ ಓಣಿಯಲ್ಲಿ ಅವರ ಸೊಸೆ ಸುಮೇಧಾ ದನಿ ಏರಿಸಿದ್ದು ಮರೆಮ್ಮನಿಗೆ ಕೇಳಿಸಿತು. "ಮಾವ, ಸ್ವಾಮಿ ಐದು ಸಾವಿರ ಜನಕ್ಕೆ ರೊಟ್ಟಿ ಮೀನು ಹಂಚಿದ್ರಲ್ಲ, ಯಾರ ಬುತ್ತಿ ಬಿಚ್ಚಿ ನೋಡಿದ್ರು?"

"ಅವರ ಹತ್ರ ಅದ್ಭುತ ಇತ್ತು ಮಗಾ. ನನ್ನ ಹತ್ರ ಇರುದು ಸಭೆಯವರ ಕಾಣಿಕೆ. ಇಂಥ ಕಾಲದಲ್ಲಿ ಒಂದು ಕಾಳೂ ತಪ್ಪು ಮನೆಗೆ ಹೋಗಬಾರದು."

"ಸರಿಯಾದ ಮನೆಗೆ ಹೋಗದಿದ್ರೆ ಅದು ತಪ್ಪಲ್ವಾ?"

ಆ ತಿಂಗಳು ಪಂಪು ಬರಲಿಲ್ಲ. ಇದ್ದದ್ದನ್ನು ದೇವಪುತ್ರ ಕಂಜೂಸನ ಹಾಗೆ ಬಳಸಿದ, ಅದೂ ಮುಗಿಯಿತು. ಮರೆಮ್ಮ ಮಾತ್ರ ಪಾಠ ಕಲಿತಳು. ಫ್ಯಾನು ಕಂಡರೆ ಪಂಪು ಇಲ್ಲ.

ಹೀಗೆ ಫ್ಯಾನು ಚಂದವ್ವನ ಮನೆಗೆ ಹೋಯಿತು.

ಆರಾಧನೆ ಮುಗಿಸಿ ಬರುತ್ತೇವೆ ಎಂದು ಸುಮೇಧಾ ಫೋನ್ ಮಾಡಿದ್ದಳು. ಆದರೆ ಸಭೆಯವರೊಬ್ಬರ ಹೊಸ ಫ್ಲ್ಯಾಟಿನ ಗೃಹಪ್ರವೇಶದ ಊಟವಿತ್ತು, ಹಿರಿಯರನ್ನು ಬಿಡಲಿಲ್ಲ. ಬಿಸಿಲು ನೆತ್ತಿಗೆ ಬಂತು. ಮೇಲೆ ತಗಡು ಚಟಚಟ ಎನ್ನತೊಡಗಿತು. ಮರೆಮ್ಮ ಒದ್ದೆ ಸೀರೆಯನ್ನು ಬಾಗಿಲಿಗೆ ಕಟ್ಟಿದಳು, ರಟ್ಟಿನ ತುಂಡಿನಿಂದ ಬೀಸಿದಳು. ದೇವಪುತ್ರನ ತುಟಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು.

"ಮಮ್ಮಿ, ಪಪ್ಪಾಕೋ ಪಂಖಾ ಚಾಹಿಯೇ," ಎಂದು ಸುವಾರ್ತಾ ಹಿಂದಿಯಲ್ಲೇ ಅಪ್ಪನಿಗೆ ಫ್ಯಾನು ಕೇಳಿದಳು.

"ಸುಮ್ನಿರು. ಈಗ ಬರ್ತಾರ."

ಚಂದವ್ವ ಬಾಗಿಲಲ್ಲಿ ನಿಂತು ಬೈದಳು. "ಯವ್ವಾ, ನಿನ್ನ ತಲಿ ನೆಟ್ಟಗ ಐತೋ ಇಲ್ಲೋ? ತರ್ತೀನಿ ತಡಿ ಫ್ಯಾನ."

"ಬ್ಯಾಡ ಎಕ್ಕಾ! ಹಚ್ಚಿದಾಗ ಬಂದ್ರಂದ್ರ ಪಂಪ್ ಹೋತು. ಇಷ್ಟೊತ್ತು ತಡದೀವಿ, ಇನ್ನೊಂಚೂರು." ಗಂಡನ ಜೀವ ಉಳಿಸಲಿಕ್ಕೇ ಗಂಡನಿಗೆ ಗಾಳಿ ತಪ್ಪಿಸುತ್ತಿದ್ದಳು ಆ ಹೆಂಡತಿ. ಇಂಥ ಲೆಕ್ಕವನ್ನು ಅವಳ ತಲೆಯಲ್ಲಿ ತುಂಬಿದವರು ಯಾರು?

ಕೊನೆಗೂ ಮಾವ ಸೊಸೆ ಬಂದರು. ವಸಂತಕುಮಾರರು ಒಳಗೆ ಕಾಲಿಟ್ಟು ಖಾಲಿ ಹಲಗೆ ನೋಡಿದರು, ಕೌದಿ ನೋಡಿದರು, ಮುಚ್ಚಳ ಎತ್ತಿ ಗಂಜಿ ನೋಡಿದರು. ಅವರ ಕಣ್ಣು ನಿಜವಾಗಿಯೂ ತುಂಬಿ ಬಂತು.

"ಅಯ್ಯೋ, ಈ ಸಲ ಬಹಳ ಕಷ್ಟ ಉಂಟಲ್ಲ ಮಾರಾಯ್ತಿ. ಫ್ಯಾನು ಎಲ್ಲಿ?"

ಮರೆಮ್ಮ ನೆಲ ನೋಡಿದಳು. "ಮಾರೀವ್ರಿ ಸಾಹೇಬ್ರ."

ದೇವರ ಹೆಸರಿನಲ್ಲಿ ಬಂದವರೆದುರು ಅವಳು ಹೇಳಿದ ಮೊದಲ ಸುಳ್ಳು ಅದು. ಅವರು ಚೀಲದಿಂದ ಪಂಪಿನ ಡಬ್ಬಿ ತೆಗೆದು ಹಲಗೆಯ ಮೇಲಿಟ್ಟರು. "ಮೊದಲು ಪ್ರಾರ್ಥನೆ ಮಾಡುವಾ," ಎಂದು ದೇವಪುತ್ರನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಕೆಲಸ ಕಳೆದುಕೊಂಡವರಿಗಾಗಿ ಬೇಡಿದರು, ರೋಗಿಗಳಿಗಾಗಿ, ವಿಧವೆಯರಿಗಾಗಿ, ದೇಶವನ್ನು ಆಳುವವರಿಗಾಗಿ ಬೇಡಿದರು. ಮರೆಮ್ಮ ಕಣ್ಣು ಮುಚ್ಚಲಿಲ್ಲ. ಪಂಪು ಕೈಗೆಟಕುವಷ್ಟು ಹತ್ತಿರವಿತ್ತು. ಪ್ರಾರ್ಥನೆಯ ನಡುವೆ ಕೈ ಚಾಚಿದರೆ ಏನೆಂದುಕೊಂಡಾರೋ ಎಂದು ಅವಳು ಚಾಚಲಿಲ್ಲ.

ಕಣ್ಣು ತೆರೆದಿದ್ದ ಇನ್ನೊಬ್ಬಳು ಸುಮೇಧಾ. ಧೂಳು ಹಿಡಿದ ಟ್ರಂಕಿನ ಮೇಲೆ ಫ್ಯಾನಿಟ್ಟಿದ್ದ ಜಾಗ ಮಾತ್ರ ಗುಂಡಗೆ ಹೊಳೆಯುತ್ತಿದ್ದುದನ್ನು ನೋಡಿದಳು. ಆಮೇಲೆ ದೇವಪುತ್ರನ ಮುಖ ನೋಡಿದಳು.

"ಮಾವ, ಸಾಕು! ಇವರಿಗೆ ಉಸಿರಿಲ್ಲ!"

ಚಂದವ್ವ ಫ್ಯಾನು ಎತ್ತಿಕೊಂಡು ಓಡಿ ಬಂದಳು. ಮರೆಮ್ಮ ಪಂಪನ್ನು ಅವನ ಬಾಯಿಗಿಟ್ಟು ಒತ್ತಿದಳು, ಮತ್ತೆ ಒತ್ತಿದಳು. ಎಳೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು.

ಮಾರನೆಯ ದಿನ ಶವವನ್ನು ಅದೇ ಖೋಲಿಯಲ್ಲಿ ಮಲಗಿಸಿದ್ದರು. ಹೂವಿನ ಚಾದರ ಹೊದಿಸಿ, ತಲೆಯ ಹತ್ತಿರ ಫ್ಯಾನು ಹಚ್ಚಿಟ್ಟಿದ್ದರು. ಸ್ಟೀಲ್ ಡಬ್ಬಿಗಳೂ ಹಲಗೆಗೆ ಮರಳಿದ್ದವು. ಬಚ್ಚಿಡುವ ಕಾರಣ ಇನ್ನೇನಿತ್ತು? ಹೊರಗೆ ಮಾವ ಸೊಸೆ ಮಾತಾಡುವುದು ಒಳಗೆ ಕೂತ ಮರೆಮ್ಮನಿಗೆ ಕೇಳಿಸುತ್ತಿತ್ತು.

"ಮರೆಮ್ಮ ನನಗೆ ಹೇಳಿದ್ರೆ ಆಗ್ತಿತ್ತಲ್ಲ ಸುಮೇಧಾ. ಕಾಯಿಲೆಯವನಿಗೆ ಫ್ಯಾನು ಬೇಡ ಅಂತ ನಾನು ಹೇಳ್ತಿದ್ದೆನಾ?"

"ಹೇಳಿಕೊಳ್ಳುವ ಹಾಗೆ ನಾವು ಇಟ್ಟಿದ್ದೇವಾ ಮಾವ? ನಮಗೆ ಸುಳ್ಳು ಹೇಳುದು ಅವರಿಗೆ ಕಲಿಸಿದ್ದೇ ನಾವು." ಅವಳು ಅಳುತ್ತಿದ್ದಳು. "ಇನ್ನು ಯಾರ ಮನೆಯ ಮುಚ್ಚಳ ಎತ್ತಲಿಕ್ಕೂ ನಾನು ಬರುದಿಲ್ಲ. ನಿಮ್ಮನ್ನೂ ಬಿಡುದಿಲ್ಲ. ಬೇಡಿದವರಿಗೆ ಕೊಡುವಾ. ಒಬ್ಬ ಮೋಸ ಮಾಡಿದ್ರೆ ಮಾಡಲಿ, ಆ ನಷ್ಟ ನಾವು ತಡ್ಕೊಳ್ಳುವಾ. ಈ ನಷ್ಟ ತಡ್ಕೊಳ್ಳಲಿಕ್ಕೆ ಇವರಿಂದ ಆಗ್ತದಾ?"

ವಸಂತಕುಮಾರರು ತಲೆ ತಗ್ಗಿಸಿ ಒಳಗೆ ಬಂದರು. ತಗಡಿನ ಕೆಳಗಿನ ಕಾವಿಗೆ ಅವರ ಬಿಳಿ ಅಂಗಿ ಮೈಗೆ ಅಂಟಿತ್ತು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಮರೆಮ್ಮ ಅವರನ್ನು ಬೈಯುತ್ತಾಳೆಂದು ಓಣಿಯ ಹೆಂಗಸರೆಲ್ಲ ಕಾದರು. ಬೈದಿದ್ದರೆ ಹಿರಿಯರಿಗೂ ಹಗುರವಾಗುತ್ತಿತ್ತೇನೋ. ಮರೆಮ್ಮ ಎದ್ದಳು. ಫ್ಯಾನಿನ ಕುತ್ತಿಗೆ ಹಿಡಿದು, ಗಂಡನ ಕಡೆಯಿಂದ ಅವರ ಕಡೆಗೆ ತಿರುಗಿಸಿದಳು.

"ಕೂಡ್ರಿ ಸಾಹೇಬ್ರ. ಭಾಳ ಬೆವತೀರಿ. ಅವರಿಗೆ ಇನ್ನ ಸೆಕಿ ಆಗಂಗಿಲ್ಲ."