ಮನೆಯೋರ ಗುಂಡು

ಅರುಂಧತಿಗೆ ಇದ್ದದ್ದು ಒಂದೇ ಆಸೆ: ಅಪ್ಪನ ಕೋವಿಯನ್ನು ಕ್ಲಬ್ಬಿನ ಗುರಿ ಹೊಡೆಯುವ ಸ್ಪರ್ಧೆಯಲ್ಲಿ ಒಮ್ಮೆಯಾದರೂ ತಾನು ಹಿಡಿಯಬೇಕು. ನಳಿಗೆಯ ಬಾಯಿಂದಲೇ ಮದ್ದು ತುಂಬಿ ಗುಂಡು ಇಳಿಸುವ ಆ ಹಳೆಯ ಗುರಿಕೋವಿಗೆ ಸೀಸದ ಎರಕ ಹೊಯ್ಯುತ್ತಲೇ ಅವಳ ಕೂದಲು ನೆರೆತಿತ್ತು. ಹೊಡೆಯುವವನು ಮಾತ್ರ ಅಣ್ಣ ಕಸ್ತೂರಿರಂಗ. ಗೆದ್ದ ಕಪ್ಪುಗಳೆಲ್ಲ ಅವನ ಷೋಕೇಸಿಗೆ, ಮಸಿಯೆಲ್ಲ ಇವಳ ಸೆರಗಿಗೆ.

ಈ ವರ್ಷ ಅಣ್ಣನಿಗೆ ಕಣ್ಣಿನ ಆಪರೇಷನ್ ಆಯಿತು. ಅವಳ ಗಂಡನ ಮನೆ ಮಳವಳ್ಳಿಗೆ ಫೋನ್ ಮಾಡಿ, "ಈ ಸಲ ನನ್ ಕೈಲಾಗಕಿಲ್ಲ ಕಣಮ್ಮ. ಕ್ಲಬ್ನೋರೂ ಒಪ್ಪವ್ರೆ, ಮನೆಯೋರೇ ಒಡೀಲಿ. ನೀ ಬಂದು ಗುಂಡು ಉಯ್ಕೊಡು," ಅಂದ. ಅತ್ತಿಗೆಗೆ ಪಟಾಕಿ ಸದ್ದೇ ಆಗದು; ಅವರ ಮಗಳು ಗಗನ ಕೋವಿ ಮುಟ್ಟಿದವಳೇ ಅಲ್ಲ. ಮನೆಯೋರು ಅಂದರೆ ಇನ್ಯಾರು? ಅರುಂಧತಿ ಅವತ್ತೇ ತವರೂರು ಮದ್ದೂರಿನ ಬಸ್ಸು ಹತ್ತಿದಳು.

ತನಗೇ ಎಂದು ಮಾಡುವ ಕೆಲಸದ ರುಚಿಯೇ ಬೇರೆ. ಉಗುರೂರಿದರೆ ಗೆರೆ ಬೀಳುವಂಥ ಮೆತ್ತನೆಯ ಸೀಸವನ್ನೇ ಆರಿಸಿದಳು. ಹಳೆಯ ಅಳತೆಯ ಗುಂಡು ಸವೆದ ನಳಿಗೆಯಲ್ಲಿ ಸಡಿಲವಾಗಿತ್ತು. ಅಣ್ಣ ಹಟ ಹಿಡಿದು ಅದನ್ನೇ ಹೊಡೆದು, ಗುರಿ ತಪ್ಪಿದಾಗಲೆಲ್ಲ ಗಾಳಿಯನ್ನು ಬಯ್ಯುತ್ತಿದ್ದ. ಇವಳು ಗೆಜ್ಜಲಗೆರೆಯ ಲೇತ್ ಅಂಗಡಿಯ ವಾಜಿದನಿಂದ, ಗುಂಡಿನ ದಪ್ಪ ಸರಿಮಾಡುವ ಅಳತೆಯ ಉಂಗುರವನ್ನು ಕೂದಲೆಳೆಯಷ್ಟು ಅಗಲ ಮಾಡಿಸಿದಳು. ಎರಕದ ಗುಂಡುಗಳನ್ನು ಒಂದೊಂದಾಗಿ ಅದರೊಳಗೆ ಒತ್ತಿ ಹಾಯಿಸಿ, ಚಿನ್ನದ ತಕ್ಕಡಿಯಲ್ಲಿ ತೂಗಿದಳು. ತೂಕ ಕಡಿಮೆ ಬಂದದ್ದರ ಹೊಟ್ಟೆಯಲ್ಲಿ ಗಾಳಿಗುಳ್ಳೆ. ಮೇಲೆ ಎಷ್ಟು ನುಣುಪಾಗಿದ್ದರೂ ಅದು ಅಡ್ಡದಾರಿ ಹಿಡಿಯುವುದೇ. ಅಂಥವು, ಸ್ಪರ್ಧೆಗೆ ಮೊದಲು ಸುಮ್ಮನೆ ಹೊಡೆದು ಕೋವಿಗೆ ಕಾವೇರಿಸಲು ಆದಾವೆಂದು, ಬೇರೆ ಡಬ್ಬಿಗೆ ಹೋದವು.

ಸ್ಪರ್ಧೆಯ ಬೆಳಿಗ್ಗೆ ಎರಡು ಡಬ್ಬಿಯನ್ನೂ ಬ್ಯಾಗಿಗೆ ಹಾಕಿಕೊಂಡು ಮೈದಾನಕ್ಕೆ ಹೋದರೆ, ಕೋವಿ ಯತೀಶನ ಕೈಯಲ್ಲಿತ್ತು. ಯತೀಶ್ ಗಗನಳಿಗೆ ಗೊತ್ತು ಮಾಡಿರುವ ಗಂಡು; ಅವನ ಅಪ್ಪ ಅಮ್ಮ, ಗಗನ ಎಲ್ಲರೂ ಪಕ್ಕದಲ್ಲೇ ನಿಂತಿದ್ದರು.

"ಮನೆಯೋರೇ ಒಡೀಲಿ ಅಂದಿದ್ದಲ್ಲಣ್ಣ?"

"ಊಂ, ಅಳೀಮಯ್ಯ ಮನೆಯೋನಲ್ವಾ? ನಿನ್ನ ಮಳವಳ್ಳಿಗೆ ಕೊಟ್ಟಾಯ್ತಲ್ಲಮ್ಮ," ಅಂದ ಅಣ್ಣ, ಸಲೀಸಾಗಿ. "ಗುಂಡಿನ ಡಬ್ಬಿ ಕೊಡು."

ಇನ್ನೂ ತಾಳಿ ಕಟ್ಟದವನು ಮನೆಯವನು. ಆ ಮನೆಯಲ್ಲೇ ಹುಟ್ಟಿದವಳು ಹೊರಗಿನವಳು. ಅರುಂಧತಿಗೆ ಮೈಯೆಲ್ಲ ಉರಿದುಹೋಯಿತು. ಗಾಳಿಗುಳ್ಳೆಯ ಡಬ್ಬಿಯನ್ನೇ ತೆಗೆದುಕೊಟ್ಟಳು.

ಯತೀಶನ ಒಂದು ಗುಂಡು ಮೇಲಕ್ಕೆ ಹೋಯಿತು, ಒಂದು ಪಕ್ಕಕ್ಕೆ, ಇನ್ನೊಂದು ಕಾಗದಕ್ಕೇ ತಗಲಲಿಲ್ಲ. ಜನ ನಕ್ಕರು. ಹುಡುಗನ ಮುಖ ಸಣ್ಣಗಾಯಿತು. ಅವಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಅದು ಅಣ್ಣ ಬಾಯಿ ತೆರೆಯುವವರೆಗೆ ಮಾತ್ರ.

"ಹುಡುಗುನ್ ತೆಪ್ಪೇನಿಲ್ಲ," ಅಂದ ಅವನು, ಎಲ್ಲರಿಗೂ ಕೇಳುವಂತೆ. "ನಮ್ ಅರುಂಧತಿ ಕೈ ಕೆಟ್ಟೋಗದೆ. ವಯಸ್ಸಾಯ್ತು, ಪಾಪ."

ಅರುಂಧತಮ್ಮನ ಗುಂಡಾದರೆ ಕಣ್ಣು ಮುಚ್ಚಿಕೊಂಡು ತುಂಬಬಹುದು ಎನ್ನುತ್ತಿದ್ದ ಕ್ಲಬ್ಬಿನವರು ತಲೆಯಾಡಿಸಿದರು. ಇಷ್ಟು ವರ್ಷ ಅವಳದೆಂದು ಇದ್ದದ್ದು ಆ ಹೆಸರೊಂದೇ. ಇನ್ನೊಂದು ಡಬ್ಬಿ ತೆಗೆದು ತೋರಿಸಿದರೆ ಕೈಯ ಹೆಸರು ಉಳಿಯುತ್ತದೆ; ಆದರೆ ಬೇಕೆಂದೇ ಕೆಟ್ಟ ಗುಂಡು ಕೊಟ್ಟದ್ದು ಬಯಲಾಗಿ, ಬೀಗರಾಗುವವರ ಎದುರಿಗೇ ಅಣ್ಣನ ಮನೆಯ ಮಾನ ಕಳೆದವಳಾಗುತ್ತಾಳೆ. ಗಗನಳ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು.

"ಊಂ ಅಣ್ಣ, ಕೈ ಕೆಟ್ಟೋಯ್ತು," ಅಂದಳು.

ಕಸ್ತೂರಿರಂಗ ಅವಳ ಬೆನ್ನು ಸವರಿದ. "ಓಗ್ಲಿ ಬುಡು. ಬರೋ ವರ್ಸದಿಂದ ಬೇರೇರ ಅತ್ರ ಉಯ್ಯಿಸ್ಕತೀವಿ. ನೀ ಇನ್ಮೇಲೆ ಅಷ್ಟು ದೂರದಿಂದ ಬರದು ಬ್ಯಾಡ."