ಮಾಯೀ ಅಂತ ಒಂದ್ ಸಲ

ಫ್ಯಾನು ಸುತ್ತಿಗೊಂದ್ ಸಲ ಟಕ್ ಅಂತದೆ, ಟಕ್, ಅದಕ್ಕೆ ಒಸಿ ಎಣ್ಣೆ ಬುಡ್ಬೇಕು – ಅಯ್ಯೋ, ಎಣ್ಣೆ ಬುಡ್ಬೇಕು ಅಂದ್ನಲ್ಲ, ಇಲ್ಲಿ ಕೂತಿರೋ ಇಪ್ಪತ್ತು ಗಂಡಸ್ರೂ ಅದನ್ನ ಬುಡಕ್ಕೇ ಬಂದಿರೋರು, ಪುಣ್ಯಕ್ಕೆ ಬಾಯ್ಬುಟ್ಟು ಅನ್ಲಿಲ್ಲ, ಗಂಜಾಂನ ಇಸ್ಕೂಲ್ ರೂಮು, ಬೋರ್ಡಲ್ಲಿ ಏಳರ ಮಗ್ಗಿ ಅಳಿಸ್ದೆ ಅಂಗೇ ಐತೆ, ಮಕ್ಳ ಬೆಂಚಲ್ಲಿ ಮಂಡಿ ತೂರ್ಸಕ್ಕಾಗ್ದೆ ಎಲ್ರೂ ಕಾಲ ಆಚೆ ಚಾಚ್ಕಂಡವ್ರೆ, ಮುಂದ್ಲ ಸಾಲಲ್ಲಿ ನನ್ ಗಂಡ, ಬೆನ್ನು ಮಾತ್ರ ಕಾಣ್ತದೆ, ಶರ್ಟಿಗೆ ಇಸ್ತ್ರಿ ಹಾಕ್ದೋಳು ನಾನೇಯ, ಇವತ್ತಿಗೆ ಇವ್ನು ಕುಡ್ತ ಬುಟ್ಟು ಒಂದ್ ವರ್ಸ, ಪದಕ ಕೊಡ್ತಾರಂತೆ, ಮನೆಯವರ್ನೂ ಕರ್ಕಂಬನ್ನಿ ಅಂದವ್ರೆ, ಅದಕ್ಕೇ ಬಂದಿವ್ನಿ, ಚಿನಕುರಳಿಯಿಂದ ಎರಡು ಬಸ್ಸು, ದಾರಿಯುದ್ದಕ್ಕೂ ಒಂದೇ ಮಾತು, ಏಯ್ ಇಳ್ಕೊ, ಅಷ್ಟೇಯ. ವರ್ಸದಿಂದ ನನ್ ಹೆಸ್ರು ಏಯ್, ಇಲ್ಲಾಂದ್ರೆ ನೋಡಿಲ್ಲಿ, ರಂಜಿತ ನಿಮ್ಮವ್ವನ ಕರಿ ಅಂತಾನೆ ಮಗಳ್ಗೆ, ನಾನು ಪಕ್ಕದಲ್ಲೇ ನಿಂತಿರ್ತೀನಿ. ಕುಡೀತಿದ್ದಾಗ ಇಂಗಲ್ಲ, ಹಾಲು ಕರಿಯೋ ಹೊತ್ಗೆ ಬೀದಿ ಮೂಲೆಯಿಂದ್ಲೇ ಮಾಯೀ ಅಂತಿದ್ದ, ಲೇ ಮಾಯೀ, ಯೀ ಅನ್ನೋದ ಎಳ್ದೂ ಎಳ್ದೂ, ಎದುರುಮನೆ ಪುಟ್ಟಗೌರಮ್ಮ ಬಾಗ್ಲಿಗ್ ಬಂದು ನಿನ್ ಮೆರವಣಿಗೆ ಬಂತು ನೋಡ್ ಕಣವ್ವ ಅನ್ನೋಳು, ನಾನು ನಾಚ್ಕೆಲಿ ಸತ್ತೋಗ್ತಿದ್ದೆ, ಆಮೇಲೆ ಒಳಕ್ ಬಂದು ಏನೇನ್ ಮಾಡ್ತಿದ್ದ ಅನ್ನೋದ ಮರ್ತಿಲ್ಲ, ಈ ಎಡಗೈ ಮಣಿಕಟ್ಟು ಥಂಡಿಗೆ ಈಗ್ಲೂ ನೋಯ್ತದೆ, ಆದ್ರೂ, ಥೂ ನನ್ ಬುದ್ಧಿಗೆ, ಆ ಕೂಗು ಬೇಕು ಅನ್ಸ್ತದೆ, ಕುಡ್ತ ಬ್ಯಾಡ, ಏಟು ಬ್ಯಾಡ, ಆ ಹೆಸ್ರು ಮಾತ್ರ, ಮಾಯೀ ಅಂತ ಒಂದ್ ಸಲ, ನೆಟ್ಟಗಿರೋ ಬಾಯಲ್ಲಿ. ನನ್ನ ಹೆಸ್ರಿಡ್ದು ಕರಿಯೋರು ಇನ್ಯಾರವ್ರೆ, ಅವ್ವ ಹೋದ್ಲು, ಊರೋರಿಗೆ ನಾನು ರಂಜಿತನ ಅವ್ವ, ಮಾಯಮ್ಮ ಅನ್ನೋಳು ರೇಷನ್ ಕಾರ್ಡಲ್ಲಿ ಕೂತವ್ಳೆ. ಯಾರ್ ತಾವ ಹೇಳ್ಕಳದು ಇದನ್ನ, ಸುಖ ಜಾಸ್ತಿ ಆಯ್ತಾ ನಿಂಗೆ ಅಂತ ಉಗೀತಾರೆ.

ಈ ಜಾಗ ಹುಡ್ಕಿದೋಳೂ ನಾನೇಯ, ಪಾಂಡವಪುರದ ಬಸ್ ಸ್ಟ್ಯಾಂಡ್ ತಾವ ಗೋಡೆ ಮೇಲೆ ಬರ್ದಿದ್ರು, ಮೇಲೆ ಮೂಲವ್ಯಾಧಿಗೆ ಔಷಧಿ, ಕೆಳಗೆ ಟೂಷನ್ನು, ನಡುಮಧ್ಯ ಕುಡಿತ ಬಿಡಬೇಕೆ ಕರೆ ಮಾಡಿ, ಪೆನ್ನಿಲ್ಲ, ನಂಬ್ರ ಬಾಯಲ್ಲಿ ಹೇಳ್ಕಂಡೇ ಮನೆಗ್ ಬಂದೆ, ಬಸ್ಸಲ್ಲಿ ಪಕ್ಕದೋಳು ಮಾತಾಡ್ಸಿದ್ರೂ ಮಾತಾಡ್ಲಿಲ್ಲ, ಎಲ್ಲಿ ಮರ್ತೋದಾತೋ ಅಂತ. ಮೊದಲ್ನೇ ಭಾನುವಾರ ಒಬ್ಬನ್ನೇ ಕಳಿಸ್ದೆ, ಸಂಘದ ಮೀಟಿಂಗು ಎಲ್ಲಿ ಅಂತ ಕೇಳವ್ನೆ, ಯಾರೋ ಪುಣ್ಯಾತ್ಮ ಪಕ್ಕದ ರೂಮು ತೋರ್ಸವ್ನೆ, ಅದು ಹಾಲು ಸಂಘದ್ದು, ಎರಡು ಗಂಟೆ ಕೂತು, ಬಿಸ್ಕತ್ ತಿಂದು, ಸೈನ್ ಬೇರೆ ಹಾಕಿ ಬಂದ, ಬಲೇ ಒಳ್ಳೆ ಜನ ಕಣೇ, ಕುಡ್ತದ ಸುದ್ದಿನೇ ಎತ್ಲಿಲ್ಲ, ಬರೀ ಹಿಂಡಿ ಬೂಸಾ ಅಂದ್ರು ಅಂದ. ನಾನು ನಗಾಡಿದ್ದು ನಗಾಡಿದ್ದೇ. ಮುಂದ್ಲ ವಾರ ಜೊತೇಲಿ ಬಂದು ಈ ಬಾಗ್ಲ ತಂಕ ಬುಟ್ಟು, ನಿಮಿಷಾಂಬ ಗುಡಿ ಮೆಟ್ಲಲ್ಲಿ ಕೂತ್ಕಂಡು ಹೊಳೆ ನೋಡ್ತಿದ್ದೆ, ಅವತ್ತಿಂದ ಪ್ರತಿ ಭಾನುವಾರ ಬತ್ತಾನೆ, ಒಂದು ತಪ್ಸಿಲ್ಲ, ಒಳಗೆ ಏನ್ ಮಾತಾಡ್ತಾನೋ ಹೇಳಲ್ಲ, ಮಾತೆಲ್ಲ ಇಲ್ಲೇ ಸುರ್ದು ಬರೀ ಕೈಲಿ ಮನೆಗ್ ಬತ್ತಾನೆ.

ಎದ್ದ, ಎದ್ದು ನಿಂತ, ನನ್ನ ಹೆಸರು ಚಿಕ್ಕಸ್ವಾಮಿ, ನಾನೊಬ್ಬ ಕುಡುಕ, ಎಲ್ರೂ ಒಟ್ಗೇ ನಮಸ್ಕಾರ ಚಿಕ್ಕಸ್ವಾಮಿ ಅಂದ್ರು, ಎಷ್ಟು ಸಲೀಸಾಗಿ ಹೆಸ್ರಿಡೀತಾರೆ ಈ ಜನ, ನಂಗೆ ಹೊಟ್ಟೆಕಿಚ್ಚು, ನಮ್ಮನೇಳು ಬಂದವ್ಳೆ ಅಂತವ್ನೆ, ನಮ್ಮನೇಳು, ಹೆಸ್ರು ಹೇಳ್ಬಾರ್ದಾ, ನಾಲಿಗೆ ಸವೀತದಾ, ಅವಳು ಕಾಪಿಗೆ ಸಕ್ರೆ ಹಾಕಿ ಮೂರು ಸುತ್ತು ತಿರುವ್ತಾಳೆ ಸ್ವಾಮಿ, ಆ ಸದ್ದಿಗೇ ನಂಗೆ ಬೆಳಗಾಗೋದು ಅಂತವ್ನೆ, ಯಾವತ್ತು ಎಣಿಸ್ದ ಇವ್ನು. ಒಂದ್ ಮಾತು ಹೇಳ್ಬೇಕು ಅಂತವ್ನೆ ನೆಲ ನೋಡ್ತಾ, ಕುಡ್ತ ಬುಟ್ಟು ಹದಿನೈದು ದಿವ್ಸ ಆಗಿತ್ತು, ಬೆಳಿಗ್ಗೆ ಹಸ ಕರ ಹಾಕ್ತು, ಹೆಣ್ಗರ, ಖುಷಿ ತಡೀಲಾರ್ದೆ ಕೊಟ್ಟಿಗೆಯಿಂದ ಇವಳ ಹೆಸ್ರಿಡ್ದು ಕೂಗ್ಬುಟ್ಟೆ, ಕುಡಿದಿರ್ಲಿಲ್ಲ, ದೇವ್ರಾಣೆ, ಎರಡು ಸಲ ಕೂಗ್ದೆ, ಕೂಗ್ತಾ ಬಾಗ್ಲ ತಾವ ಬಂದೆ, ಒಳಗಿಂದ ಚಿಲಕ ಹಾಕ್ಕಂಡ್ಳು, ಅವತ್ತೇ ಅಂದ್ಕಂಡೆ, ಆ ಹೆಸ್ರು ನನ್ ಬಾಯಲ್ಲಿ ಬಂದ್ರೆ ಅವಳ ಜೀವ ನಡುಗ್ತದೆ, ಇನ್ ಕೂಗ್ಬಾರ್ದು, ಕೂಗಿಲ್ಲ, ಕೂಗ್ಬೇಕು ಅಂತ ಗಂಟಲ ತಂಕ ಬತ್ತದೆ, ನುಂಗ್ಕತೀನಿ. ಯಾರೋ ಮೂಗು ಸೀಟ್ಕಂಡ್ರು. ಹೂಂ, ಚಿಲಕ ಹಾಕಿದ್ದೆ, ಮರ್ತೇಹೋಗಿತ್ತಲ್ಲ ನಂಗೆ, ಸೊಪ್ಪು ಸೋಸ್ತಿದ್ದೋಳು ಹೆಸ್ರು ಕಿವಿಗ್ ಬಿದ್ದೇಟ್ಗೆ ಎದ್ದೋಡಿದ್ದೆ, ಕಾಲು ತಾನೇ ಓಡ್ತು, ಕೈ ತಾನೇ ಹಾಕ್ತು, ಎಷ್ಟ್ ವರ್ಸದ ರೂಢಿ, ತಿರ್ಗಾ ತೆಗೆದಾಗ ಅವನ ಕಣ್ಣು ನೋಡ್ಲಿಲ್ಲ, ಬಾಯಿ ಮೂಸ್ದೆ, ವಾಸ್ನೆ ಇರ್ಲಿಲ್ಲ, ಕರ ನೋಡಕ್ಕೆ ಓಡ್ದೆ. ಮೋಹನ್ ಕುಮಾರ್ ಅಂತೆ, ಸಭೆ ನಡ್ಸೋರು, ಬನ್ನಿ ತಾಯಿ, ಪದಕ ನಿಮ್ಮ ಕೈಯಿಂದ್ಲೇ ಕೊಡಿ ಅಂತವ್ರೆ, ಎಲ್ರೂ ತಿರುಗಿ ನೋಡ್ತಾವ್ರೆ, ಏಳ್ಬೇಕು, ಈ ಕೈಯಲ್ಲೇ ಕೊಡ್ಬೇಕು, ಯಾವ ಕೈಲಿ ಕೊಡ್ಲಿ, ಕಣ್ಮುಂದೆ ಅವತ್ತಿನ ಬೆಳಿಗ್ಗೆ, ಬಾಗ್ಲಾಚೆ ಕೈತುಂಬ ಕರದ ಲೋಳೆ ಮೆತ್ಕಂಡು ನಿಂತವ್ನೆ, ನಗಾಡ್ತಾ ಮಾಯೀ ಅಂತವ್ನೆ, ಮಾಯೀ, ಒಳಗೆ ನನ್ ಕೈ ಚಿಲಕದ ಮೇಲೆ, ಚಿಲಕದ ಮೇಲೆ